ತೋಟದಲ್ಲಿ ಎರಡು ನೆಲನೆಲ್ಲಿ: ಕಾಮಾಲೆಗೆ ಯಾವುದು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹತ್ತು ವರ್ಷದ ಮಗನಿಗೆ ಮೂರು ವಾರದ ಹಿಂದೆ ಕಾಮಾಲೆ ಬಂತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹೆಪಟೈಟಿಸ್ ಎ ಎಂದರು, ವಿಶ್ರಾಂತಿ ಮತ್ತು ಊಟ ಬಿಟ್ಟರೆ ಬೇರೆ ಮದ್ದು ಬೇಡ ಎಂದರು. ಅತ್ತೆಯವರು ದಿನವೂ ಬೆಳಿಗ್ಗೆ ನೆಲನೆಲ್ಲಿಯನ್ನು ಬೇರುಸಹಿತ ಅರೆದು ಹಾಲಿನಲ್ಲಿ ಕಲಸಿ ಕೊಡುತ್ತಿದ್ದಾರೆ. ಉಪ್ಪು, ಎಣ್ಣೆ, ಬೇಳೆ ಎಲ್ಲವನ್ನೂ ಬಿಡಿಸಿದ್ದಾರೆ. ಕಣ್ಣಿನ ಹಳದಿ ಇಳಿಯುತ್ತಿದೆ, ಮಗ ಮಾತ್ರ ಬಡಕಲಾಗಿದ್ದಾನೆ. ತೋಟದಲ್ಲಿ ನೋಡಿದರೆ ನೆಲನೆಲ್ಲಿ ಎರಡು ಬಗೆ ಇವೆ, ಒಂದು ಪೂರ್ತಿ ಹಸಿರು, ಇನ್ನೊಂದರ ದಂಟು ಕೆಂಪು. ಸರಿಯಾದದ್ದು ಯಾವುದು? ನನ್ನ ಮೈದುನ ರಕ್ತದಾನಕ್ಕೆ ಹೋದಾಗ ಅವನಿಗೆ ಹೆಪಟೈಟಿಸ್ ಬಿ ಇರುವುದು ತಿಳಿಯಿತು. ಅವನೂ ಇದನ್ನೇ ಕುಡಿದರೆ ಸಾಕು ಎನ್ನುತ್ತಾರೆ ಮನೆಯವರು. ನಿಜವೇ? ಇದನ್ನು ಕುಂಡದಲ್ಲಿ ಬೆಳೆಸಬಹುದೇ?

ಉತ್ತರ: ಗಿಡದ ಮಾತಿಗೆ ಮುಂಚೆ ಅಡುಗೆಮನೆಯ ಮಾತು. ಇವತ್ತು ಮಧ್ಯಾಹ್ನವೇ ಮಗುವಿನ ಅನ್ನಕ್ಕೆ ಉಪ್ಪು ಹಾಕಿ, ತೊವ್ವೆ ಬಡಿಸಿ, ಒಂದು ಚಮಚ ತುಪ್ಪವನ್ನೂ ಬಿಡಿ. ವಾಕರಿಕೆ ಇರುವ ದಿನಗಳಲ್ಲಿ ಕರಿದದ್ದು ಒಗ್ಗುವುದಿಲ್ಲ, ಅದನ್ನು ಬಿಡಿಸುವುದು ಸರಿ. ಆದರೆ ಹಸಿವು ತಿರುಗಿ ಬಂದ ಹುಡುಗನನ್ನು ಮೂರು ವಾರ ಸಪ್ಪೆ ಗಂಜಿಯಲ್ಲಿ ಕೂರಿಸಿದರೆ ಅವನು ಬಡಕಲಾಗುವುದು ಕಾಮಾಲೆಯಿಂದಲ್ಲ, ಪಥ್ಯದಿಂದ. ಪೆಟ್ಟು ತಿಂದ ಯಕೃತ್ತು ಮತ್ತೆ ಕಟ್ಟಿಕೊಳ್ಳಬೇಕಾದರೆ ಅದಕ್ಕೆ ಅನ್ನವೂ ಬೇಕು, ಬೇಳೆಯೂ ಬೇಕು. ಅತ್ತೆಯವರಿಗೆ ಇದನ್ನು ನಾನು ಹೇಳಿದೆನೆಂದು ಹೇಳಿ. ದ್ರವ್ಯಗುಣ, ಅಂದರೆ ಆಯುರ್ವೇದದ ಮದ್ದುಗಿಡಗಳ ಶಾಸ್ತ್ರ, ಕಲಿಸಿದ ಮೇಷ್ಟರ ಮಾತು ಎಂದರೆ ಕೇಳಿಯಾರು.

ಈಗ ತೋಟಕ್ಕೆ ಹೋಗೋಣ. ನೀವು ಕಂಡ ಎರಡೂ ಗಿಡ ನೆಲನೆಲ್ಲಿಯೇ, ಆದರೆ ಒಂದೇ ಗಿಡವಲ್ಲ. ಹಸಿರಿನದು ಬಹುಮಟ್ಟಿಗೆ ಫಿಲಾಂತಸ್ ಅಮಾರಸ್, ಕೆಂಪು ದಂಟಿನದು ಫಿಲಾಂತಸ್ ಯೂರಿನೇರಿಯಾ. ಎರಡನೆಯದನ್ನು ಕೆಂಪು ನೆಲನೆಲ್ಲಿ ಎಂದು ಕರೆಯುವವರಿದ್ದಾರೆ. ಬಣ್ಣವನ್ನು ಮಾತ್ರ ನಂಬಬೇಡಿ. ಬಿಸಿಲಿಗೆ ಬಿದ್ದ ಅಮಾರಸ್ಸೂ ಬುಡದಲ್ಲಿ ತುಸು ಕೆಂಪಾಗುತ್ತದೆ, ನೆರಳಿನ ಯೂರಿನೇರಿಯಾ ಹಸಿರಾಗಿಯೇ ಉಳಿಯುವುದುಂಟು. ಒಂದು ಟಿಸಿಲನ್ನು ಮುರಿದು ಮಗುಚಿ ಹಿಡಿಯಿರಿ. ಎಲೆಗಳ ಅಡಿಯಲ್ಲಿ ಸಾಸಿವೆ ಗಾತ್ರದ ಕಾಯಿಗಳು ಸಾಲುಗಟ್ಟಿ ಇರುತ್ತವೆ. ಕಾಯಿಗೆ ಸಣ್ಣ ತೊಟ್ಟು ಇದ್ದು, ಮೈ ನುಣುಪಾಗಿದ್ದರೆ ಅದು ಅಮಾರಸ್. ತೊಟ್ಟೇ ಇಲ್ಲದೆ ಕಡ್ಡಿಗೆ ಅಂಟಿಕೊಂಡಂತಿದ್ದು, ಮೈಮೇಲೆ ಹಾಗಲಕಾಯಿಯಂತೆ ಗಂಟುಗಂಟಾಗಿದ್ದರೆ ಅದು ಯೂರಿನೇರಿಯಾ. ಎಲೆಯ ಅಂಚನ್ನು ಬೆರಳಿನಿಂದ ಸವರಿದರೆ ಯೂರಿನೇರಿಯಾದ್ದು ಸ್ವಲ್ಪ ದೊರಗು. ಇನ್ನೂ ಅನುಮಾನ ಉಳಿದರೆ ಮಗನ ಶಾಲೆಯ ಚೀಲದಲ್ಲಿ ಭೂತಗನ್ನಡಿ ಇದೆಯೇ ನೋಡಿ. ಬೀಜ ಕಿತ್ತಳೆ ತೊಳೆಯ ಆಕಾರದಲ್ಲಿ ಗಸಗಸೆಯಷ್ಟು ಇರುತ್ತದೆ. ಅದರ ಬೆನ್ನಿನ ಮೇಲೆ ಗೆರೆಗಳು ಉದ್ದಕ್ಕೆ ಓಡಿದ್ದರೆ ಅಮಾರಸ್, ಅಡ್ಡಡ್ಡಲಾಗಿದ್ದರೆ ಯೂರಿನೇರಿಯಾ.

ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡೇ. ಪಾಠ ಹೇಳಲು ಸೇರಿದ ಹೊಸತರಲ್ಲಿ ವಿದ್ಯಾರ್ಥಿಗಳನ್ನು ಕಾಡಂಚಿಗೆ ಕರೆದೊಯ್ದಿದ್ದೆ. ದಾರಿಬದಿಯ ಗಿಡವೊಂದನ್ನು ಕಿತ್ತು, ಎತ್ತಿ ಹಿಡಿದು, ಇದೇ ಸಂಸ್ಕೃತದವರ ನೆಲನೆಲ್ಲಿ, ಭೂಮ್ಯಾಮಲಕೀ ಎಂದು ಶ್ಲೋಕಸಮೇತ ವಿವರಿಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಸರ್, ಪುಸ್ತಕದ ಚಿತ್ರದಲ್ಲಿ ಕಾಯಿಗೆ ತೊಟ್ಟಿದೆ, ಇದಕ್ಕೆ ಇಲ್ಲವಲ್ಲ" ಎಂದಳು. ಆಕೆ ಹೇಳಿದ್ದು ಸರಿ. ಅಂದಿನಿಂದ ಟಿಸಿಲನ್ನು ಮಗುಚದೆ ನಾನು ಬಾಯಿ ಬಿಡುವುದಿಲ್ಲ.

ನೆಲನೆಲ್ಲಿಯ ರಚನೆಯಲ್ಲಿ ಒಂದು ಮೋಸವಿದೆ. ನೋಡಿದವರೆಲ್ಲ ಅದನ್ನು ಹುಣಸೆ ಎಲೆಯಂತೆ ಒಂದು ಕಡ್ಡಿಗೆ ಹತ್ತಿಪ್ಪತ್ತು ಚಿಕ್ಕ ಎಲೆ ಪೋಣಿಸಿದ ಸಂಯುಕ್ತ ಎಲೆ ಎಂದುಕೊಳ್ಳುತ್ತಾರೆ. ಅಲ್ಲ. ಹುಣಸೆಯಲ್ಲಿ ಆ ಕಡ್ಡಿ ಎಲೆಯದೇ ಭಾಗ, ಅದರ ಮೇಲೆ ಹೂವು ಎಂದೂ ಬರುವುದಿಲ್ಲ. ನೆಲನೆಲ್ಲಿಯ ಕಡ್ಡಿ ನಿಜವಾದ ಟಿಸಿಲು, ಅದರ ಮೇಲಿನ ಒಂದೊಂದೂ ಪೂರ್ಣ ಎಲೆ, ಆದ್ದರಿಂದಲೇ ಪ್ರತಿ ಎಲೆಯ ಕಂಕುಳಲ್ಲಿ ಹೂವು ಕೂರುತ್ತದೆ. ನೆಟ್ಟಗೆ ನಿಂತ ಮುಖ್ಯ ಕಾಂಡದ ಮೇಲಾದರೋ ಹಸಿರೆಲೆ ಬೆಳೆಯುವುದೇ ಇಲ್ಲ, ಹುರುಪೆಯಂಥ ಚೂರುಗಳಷ್ಟೇ ಇರುತ್ತವೆ. ವಯಸ್ಸಾದ ಟಿಸಿಲು ಎಲೆಗಳ ಸಮೇತ ಒಟ್ಟಿಗೆ ಉದುರಿ, ಸಂಯುಕ್ತ ಎಲೆಯ ವೇಷವನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಸಂಜೆಯಾದರೆ ಎಲೆಗಳು ಮಡಚಿಕೊಂಡು ಮಲಗುತ್ತವೆ. ಫಿಲಾಂತಸ್ ಎಂಬ ಗ್ರೀಕ್ ಮೂಲದ ಹೆಸರಿಗೆ ಎಲೆಹೂವು ಎಂದೇ ಅರ್ಥ. ತಮಿಳರು ಕಾಯಿ ಅಡಿಯಲ್ಲಿರುವುದನ್ನು ನೋಡಿ ಕೀಳಾನೆಲ್ಲಿ ಎಂದರು. ಚೀನೀಯರು ಯೂರಿನೇರಿಯಾಕ್ಕೆ ಇಟ್ಟ ಹೆಸರಿನ ಅರ್ಥ ಎಲೆಯಡಿಯ ಮುತ್ತು. ಊರೂರಿನವರೂ ಟಿಸಿಲನ್ನು ಮಗುಚಿಯೇ ನೋಡಿದ್ದಾರೆ, ನನ್ನೊಬ್ಬನ ಹೊರತು.

ನಮ್ಮ ಹಿರಿಯರ ಜಾಣತನ ಇರುವುದು ನೆಲನೆಲ್ಲಿ ಎಂಬ ಮಾತಿನ ಎರಡನೆಯ ಭಾಗದಲ್ಲಿ. ಬೆಟ್ಟದ ನೆಲ್ಲಿಮರ ಇಪ್ಪತ್ತಡಿಗೂ ಮೀರಿ ಬೆಳೆಯುತ್ತದೆ, ಇದು ಗೇಣು, ಹೆಚ್ಚೆಂದರೆ ಎರಡು ಗೇಣು. ಅದರ ಕಾಯನ್ನು ಉಪ್ಪಿನಕಾಯಿ ಹಾಕುತ್ತೇವೆ, ಇದರ ಕಾಯಿ ಉಗುರಿಗೂ ಸಿಗದು. ಆದರೂ ಎರಡನ್ನೂ ನೆಲ್ಲಿ ಎಂದೇ ಕರೆದರು. ಸಂಸ್ಕೃತದವರೂ ಆಮಲಕೀ, ಭೂಮ್ಯಾಮಲಕೀ ಎಂದು ಜೋಡಿ ಕಟ್ಟಿದರು. ಸಸ್ಯಶಾಸ್ತ್ರವೂ ಎರಡನ್ನೂ ಫಿಲಾಂತಸ್ ಎಂಬ ಒಂದೇ ಜಾತಿಯಲ್ಲಿ ಇಟ್ಟಿತು, ಬೆಟ್ಟದ ನೆಲ್ಲಿ ಫಿಲಾಂತಸ್ ಎಂಬ್ಲಿಕಾ. ಹಿಂದೆ ಇವನ್ನು ಹರಳಿನ ಕುಟುಂಬದಲ್ಲಿ ಸೇರಿಸುತ್ತಿದ್ದರು, ಈಗ ಫಿಲಾಂತೇಸಿ ಎಂಬ ಬೇರೆಯ ಕುಟುಂಬವಾಗಿದೆ. ಇದು ನಿಮಗೂ ಉಪಯೋಗಕ್ಕೆ ಬರುವ ವಿಷಯ. ಹರಳಿನ ಕುಟುಂಬದ ಅಚ್ಚೆಗಿಡ ಮತ್ತು ಅದರ ನೆಲಕ್ಕೆ ಹರಡುವ ತಮ್ಮಂದಿರನ್ನು ಮುರಿದರೆ ಬಿಳಿ ಹಾಲು ಒಸರುತ್ತದೆ, ನೆಲನೆಲ್ಲಿಯಲ್ಲಿ ಹಾಲು ಇಲ್ಲ. ಕಿತ್ತ ಗಿಡದಲ್ಲಿ ಹಾಲು ಕಂಡರೆ ಅರೆಯುವ ಕಲ್ಲಿನ ಹತ್ತಿರವೂ ತರಬೇಡಿ.

ಹಳ್ಳಿಯವರು ಕೂಡಿಸಿದ್ದನ್ನು ಪಂಡಿತರು ಕಲಸಿದ ಕತೆಯೂ ಇದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ಮಲಬಾರಿನ ಸಸ್ಯಗ್ರಂಥ ಹೊರ್ಟಸ್ ಮಲಬಾರಿಕಸ್‌ನಲ್ಲಿ ನಮ್ಮ ನೆಲನೆಲ್ಲಿ, ಅಂದರೆ ಕಿರುನೆಲ್ಲಿ, ಕಿರ್ಗನೆಲಿ ಎಂಬ ಹೆಸರಿನಲ್ಲಿದೆ. ಆ ಗ್ರಂಥಕ್ಕೆ ಮಾಹಿತಿ ಕೊಟ್ಟವರಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ಮೂವರು ಕೊಂಕಣಿ ಪಂಡಿತರೂ ಇದ್ದರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಫಿಲಾಂತಸ್ ನಿರೂರಿ ಎಂದು ಹೆಸರಿಟ್ಟಾಗ ಅಮೆರಿಕದ ಗಿಡವನ್ನೂ ಈ ಮಲಬಾರಿನ ಗಿಡವನ್ನೂ ಒಂದೇ ಬುಟ್ಟಿಗೆ ಹಾಕಿದ. ನೀರೂರಿ ಎಂಬುದು ಮಲಯಾಳಂನಲ್ಲಿ ಬೇರೆಯೇ ಒಂದು ಪೊದೆಗಿಡದ ಹೆಸರು. ಅದು ಕೊನೆಗೆ ಅಮೆರಿಕದ ಗಿಡಕ್ಕೆ ಅಂಟಿಕೊಂಡಿತು! ಮುಂದೆ ಎರಡು ಶತಮಾನ ಇಲ್ಲಿನ ಸಸ್ಯಗ್ರಂಥಗಳೆಲ್ಲ ನಮ್ಮ ಗಿಡವನ್ನು ನಿರೂರಿ ಎಂದೇ ಬರೆದವು. 1950ರ ದಶಕದಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ವೆಬ್‌ಸ್ಟರ್ ಗಂಟು ಬಿಚ್ಚಿದರು. ನಿಜವಾದ ನಿರೂರಿ ಅಮೆರಿಕ ಖಂಡದ್ದು, ನಮ್ಮಲ್ಲಿ ಆ ಹೆಸರಿನಲ್ಲಿ ಓಡಾಡುತ್ತಿದ್ದವು ಅಮಾರಸ್, ಫ್ರಟರ್ನಸ್, ಡೆಬಿಲಿಸ್ ಎಂಬ ಬೇರೆ ಪ್ರಭೇದಗಳು. ಅಮಾರಸ್ ಎಂದರೆ ಲ್ಯಾಟಿನ್‌ನಲ್ಲಿ ಕಹಿ. ಡೆನ್ಮಾರ್ಕಿನವರು ಪಶ್ಚಿಮ ಆಫ್ರಿಕದಲ್ಲಿ ಸಿಕ್ಕ ಮಾದರಿಯಿಂದ 1827ರಲ್ಲಿ ಇಟ್ಟ ಹೆಸರು ಅದು. ಇಂದಿಗೂ ಅಂಗಡಿಯ ಅನೇಕ ಡಬ್ಬಿಗಳ ಮೇಲೆ ನಿರೂರಿ ಎಂದೇ ಅಚ್ಚಾಗಿರುತ್ತದೆ. ಅದನ್ನು ಓದಿ ಒಳಗಿರುವ ಗಿಡ ಯಾವುದೆಂದು ಹೇಳಲು ಬರುವುದಿಲ್ಲ.

ಹೆಸರಿನ ಜಗಳ ಪಂಡಿತರದು, ನಮಗೇಕೆ ಎನ್ನಬೇಡಿ. ಈ ಗಿಡದಲ್ಲಿ ಸಿಗುವ ಫಿಲಾಂತಿನ್, ಹೈಪೋಫಿಲಾಂತಿನ್ ಎಂಬ ಪದಾರ್ಥಗಳು ಅಮಾರಸ್‌ನಲ್ಲಿ ಧಾರಾಳ, ಉಳಿದ ಸೋದರರಲ್ಲಿ ಕಡಿಮೆ ಅಥವಾ ಇಲ್ಲವೇ ಇಲ್ಲ. ಯಕೃತ್ತಿನ ಮೇಲಿನ ಪ್ರಯೋಗಗಳಲ್ಲಿ ಹೆಚ್ಚಾಗಿ ಎಣಿಸಿದ್ದು ಇವನ್ನೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡವೊಂದು ದಕ್ಷಿಣ ಭಾರತದ 25 ಗ್ರಂದಿಗೆ ಅಂಗಡಿಗಳಿಂದ ಒಣ ನೆಲನೆಲ್ಲಿ ಕೊಂಡು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. ನೂರಕ್ಕೆ 76ರಷ್ಟು ಮಾದರಿಗಳಲ್ಲಿ ಅಮಾರಸ್ ಬಹುತೇಕ ಶುದ್ಧವಾಗಿಯೇ ಇತ್ತು. ಉಳಿದ ಅಂಗಡಿಗಳ ಚೀಲಗಳಲ್ಲಿ ಇನ್ನೂ ಐದು ಪ್ರಭೇದಗಳು ಸಿಕ್ಕವು, ನಿಮ್ಮ ಕೆಂಪು ದಂಟಿನದೂ ಅದರಲ್ಲಿತ್ತು. ನಾಲ್ಕರಲ್ಲಿ ಮೂರು ಸರಿ ಎಂಬುದು ಗ್ರಂದಿಗೆ ಅಂಗಡಿಗಳ ಮಟ್ಟಿಗೆ ನಾನು ನಿರೀಕ್ಷಿಸಿದ್ದಕ್ಕಿಂತ ಒಳ್ಳೆಯ ಅಂಕ. ಆದರೆ ಕಾಯಿಲೆಯವರ ಪಾಲಿಗೆ ಬಂದದ್ದು ಆ ನಾಲ್ಕನೆಯ ಪೊಟ್ಟಣವಾದರೆ?

ಶಾಸ್ತ್ರ ಏನು ಹೇಳುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲೊಂದು ಅಚ್ಚರಿ ಇದೆ. ಚರಕ ಸಂಹಿತೆಯಲ್ಲಿ ಬರುವ ತಾಮಲಕಿಯನ್ನು ನೆಲನೆಲ್ಲಿ ಎಂದು ಗುರುತಿಸುತ್ತಾರೆ. ಚರಕ ಅದನ್ನು ಸೇರಿಸಿದ್ದು ಕೆಮ್ಮು ಹರಿಸುವ ಹತ್ತು ದ್ರವ್ಯಗಳ ಗುಂಪಿನಲ್ಲಿ ಮತ್ತು ಉಬ್ಬಸ ಹರಿಸುವ ಹತ್ತರ ಗುಂಪಿನಲ್ಲಿ. ಚ್ಯವನಪ್ರಾಶದ ಪಟ್ಟಿಯಲ್ಲೂ ತಾಮಲಕೀ ಇದೆ, ಅಲ್ಲಿಯೂ ಅದರ ಕೆಲಸ ಎದೆಯ ಕಡೆಗೇ. ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶಕ್ಕೆ ಬಂದರೆ ಭೂಮ್ಯಾಮಲಕಿಯ ಗುಣಗಳಲ್ಲಿ ಬಾಯಾರಿಕೆ, ಕೆಮ್ಮು, ರಕ್ತಸ್ರಾವದ ಕಾಯಿಲೆಯಾದ ರಕ್ತಪಿತ್ತದ ಜೊತೆಗೆ ಪಾಂಡುವೂ ಕಾಣುತ್ತದೆ. ಮೈ ಬಿಳಿಚುವ ಪಾಂಡುವಿಗೂ ಹಳದಿಗಟ್ಟುವ ಕಾಮಾಲೆಗೂ ಆಯುರ್ವೇದದಲ್ಲಿ ನೆಂಟಸ್ತಿಕೆ ಇದೆ. ಇನ್ನೊಂದು ತೊಡಕು: ಅಮಾರಸ್ಸಿನ ತವರೇ ಅಮೆರಿಕದ ಉಷ್ಣವಲಯ, ಅದು ಅಲ್ಲಿಂದ ಲೋಕವೆಲ್ಲ ಹರಡಿದ ಕಳೆ ಎಂಬುದು ಹಲವು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಹಾಗಿದ್ದರೆ ಚರಕನ ಕೈಯಲ್ಲಿದ್ದದ್ದು ಬೇರೊಬ್ಬ ಸೋದರನಿರಬೇಕು. ನನ್ನ ಅನುಮಾನ ಫ್ರಟರ್ನಸ್ ಮೇಲೆ, ಅದು ವಾಯವ್ಯ ಭಾರತದ ಕಡೆಯದು. ಅನಾದಿಯಿಂದ ಇದೇ ಗಿಡ ಇದೇ ರೋಗಕ್ಕೆ ಎಂದು ಯಾರಾದರೂ ಮೇಜು ಕುಟ್ಟಿ ಹೇಳಿದರೆ ನನಗೆ ನಗು ಬರುವುದು ಇದಕ್ಕೇ.

ನಿಮ್ಮ ಕಡೆಯ ಬಳಕೆಗಳು ನಿಮಗೇ ಗೊತ್ತು. ಬೇರುಸಹಿತ ಗಿಡವನ್ನು ತೊಳೆದು, ಅರೆದು, ಅಡಿಕೆ ಗಾತ್ರದ ಉಂಡೆಯನ್ನು ಮಜ್ಜಿಗೆಯಲ್ಲೋ ಹಾಲಿನಲ್ಲೋ ಬರಿಹೊಟ್ಟೆಗೆ ಮೂರು, ಐದು ಅಥವಾ ಏಳು ದಿನ ಕೊಡುವುದು ಕಾಮಾಲೆಯ ಕ್ರಮ. ಬಿಳಿಸೆರಗಿಗೆ ಅಕ್ಕಿ ತೊಳೆದ ನೀರಿನಲ್ಲಿ ಅರೆದು ಕೊಡುತ್ತಾರೆ. ಉರಿಮೂತ್ರಕ್ಕೆ, ಬೇಸಿಗೆಯ ಭೇದಿಗೆ, ಕಜ್ಜಿಗೆ ಹಚ್ಚಲು, ಹೀಗೆ ಇದರ ಊರುಗೆಲಸ ಬಹಳ. ಇವೆಲ್ಲಕ್ಕಿಂತ ನನಗೆ ಮೆಚ್ಚಿಗೆಯಾದದ್ದು ತಂಬುಳಿ. ಎಳೆಯ ಕುಡಿ ಒಂದು ಹಿಡಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು. ತುಪ್ಪದಲ್ಲಿ ಎಲೆ ಬಾಡುವಷ್ಟು ಮಾತ್ರ ಹುರಿದು, ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು, ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಮುಗಿಯಿತು. ಮೊದಲ ತುತ್ತಿಗೆ ಕಾಯಿಯ ಸಿಹಿ ಸಿಗುತ್ತದೆ, ನುಂಗಿದ ಮೇಲೆ ನಾಲಿಗೆಯ ಹಿಂದೆ ತೆಳ್ಳಗಿನ ಕಹಿ ಬಂದು ನಿಲ್ಲುತ್ತದೆ. ಮಗನಿಗೆ ಗಿಡದ ಋಣ ಉಳಿಸಲೇಬೇಕೆಂದು ಅತ್ತೆಯವರಿಗಿದ್ದರೆ ವಾರಕ್ಕೆರಡು ದಿನ ಈ ತಂಬುಳಿ ಮಾಡಲಿ, ಡಾಕ್ಟರಿಗೂ ತಿಳಿಸಿ. ಉಂಡೆ ಕೊಡುವುದನ್ನು ಇನ್ನು ನಿಲ್ಲಿಸಿ. ಗುರುತು ತಿಳಿಯದ ಪುಡಿ ತುಂಬಿದ ಪೊಟ್ಟಣ, ಮೂಗಿಗೆ ಬಿಡುವ ರಸ, ಮಣಿಕಟ್ಟಿಗೆ ಬರೆ ಹಾಕುವುದು, ಇವುಗಳ ಕಡೆ ಮಾತ್ರ ತಲೆಯನ್ನೂ ಹಾಕಬೇಡಿ. ಮೂಗಿನಿಂದ ಹಳದಿ ನೀರು ಸುರಿದರೆ ಕಾಮಾಲೆ ಇಳಿಯಿತು ಎನ್ನುತ್ತಾರೆ. ಸುರಿಯುವುದು ಸುಟ್ಟ ಮೂಗಿನ ನೀರು, ಯಕೃತ್ತಿನದಲ್ಲ.

ಹಾಗಾದರೆ ಮಗನ ಹಳದಿ ಇಳಿದದ್ದು ಯಾವುದರಿಂದ? ಹೆಪಟೈಟಿಸ್ ಎ ಆಗಲಿ ಇ ಆಗಲಿ ಕೊಳಕು ನೀರು, ಆಹಾರದಿಂದ ಬರುವ ಸೋಂಕು. ಮೈ ಅದನ್ನು ತಾನೇ ಓಡಿಸುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ. ಈಗ ಲೆಕ್ಕ ಹಾಕಿ. ಮೂತ್ರ ಹಳದಿಯಾಗಿ, ಕಣ್ಣು ಹಳದಿಯಾಗಿ, ನೆರೆಮನೆಯವರು ನೋಡಿ ಹೇಳಿ, ಗಿಡ ಹುಡುಕುವ ಹೊತ್ತಿಗೆ ಒಂದು ವಾರ ಕಳೆದಿರುತ್ತದೆ. ಆಮೇಲೆ ಏಳು ದಿನ ಮದ್ದು, ಪಥ್ಯ. ಅಷ್ಟರಲ್ಲಿ ರೋಗ ಇಳಿಜಾರಿನಲ್ಲಿರುತ್ತದೆ. ಕೀರ್ತಿ ಯಾರ ಕೈಯಲ್ಲಿ ಬಟ್ಟಲಿತ್ತೋ ಅವರಿಗೆ. ಗಿಡ ಏನೂ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇಲಿಗಳ ಯಕೃತ್ತಿಗೆ ವಿಷದಿಂದ ಪೆಟ್ಟಾಗುವುದನ್ನು ಅಮಾರಸ್ಸಿನ ಸಾರ ತಗ್ಗಿಸಿದ್ದನ್ನು ಅನೇಕ ಪ್ರಯೋಗಾಲಯಗಳು ಕಂಡಿವೆ. ಆದರೆ ತಾನಾಗಿ ವಾಸಿಯಾಗುವ ರೋಗದಲ್ಲಿ ಒಂದು ಮನೆಯ, ಒಂದು ಊರಿನ ಅನುಭವವನ್ನು ನಂಬಿ ಮದ್ದಿನ ಬಲ ತೂಗಲಾಗದು.

ತಾನಾಗಿ ವಾಸಿಯಾಗದ ಹಳದಿಯ ವಿಷಯದಲ್ಲಿ ಈ ನಂಬಿಕೆ ಜೀವಕ್ಕೇ ಬರುತ್ತದೆ. ಕಾಮಾಲೆ ಒಂದು ರೋಗವಲ್ಲ, ಒಂದು ಬಣ್ಣ. ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ಕಸ ಹುಟ್ಟುತ್ತದೆ, ಯಕೃತ್ತು ಅದನ್ನು ಪಿತ್ತದ ಮೂಲಕ ಕರುಳಿಗೆ ಸಾಗಿಸುತ್ತದೆ. ಕಣಗಳು ವಿಪರೀತ ಒಡೆದರೂ ಹಳದಿ, ಯಕೃತ್ತು ಬಳಲಿದರೂ ಹಳದಿ, ಪಿತ್ತದ ಕೊಳವೆ ಕಟ್ಟಿಕೊಂಡರೂ ಹಳದಿ. ಮೂರನೆಯದರಲ್ಲಿ ಮಲ ಜೇಡಿಮಣ್ಣಿನಂತೆ ಬಿಳಿಚುತ್ತದೆ, ಮೈ ತುರಿಸುತ್ತದೆ. ನನ್ನ ಪರಿಚಯದ ಅರವತ್ತರ ಹಿರಿಯರೊಬ್ಬರು ಹೀಗೆ ತುರಿಸಿಕೊಳ್ಳುತ್ತಲೇ ಆರು ವಾರ ಉಂಡೆ ನುಂಗಿದರು. ಊರಿನ ಮದ್ದು ಕೊಡುವವರು ಪ್ರತಿ ವಾರವೂ ಪಥ್ಯ ಸರಿಯಾಗಲಿಲ್ಲ ಎಂದು ಇವರ ಮೇಲೆಯೇ ಹೊರೆ ಹೊರಿಸಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳದ ಬಾಯಿಯಲ್ಲಿ ಗಡ್ಡೆ. ಮೊದಲ ವಾರವೇ ಬಂದಿದ್ದರೆ ತೆಗೆಯಬಹುದಿತ್ತೇನೋ. ಅವರ ಮನೆಗೆ ಹೋದಾಗ ಜಗುಲಿಯ ಮೇಲೆ ಒಣಹಾಕಿದ ನೆಲನೆಲ್ಲಿ ಇನ್ನೂ ಒಂದು ಮೊರ ಇತ್ತು.

ಮಲೆನಾಡು, ಕರಾವಳಿಯಲ್ಲಿ ಇನ್ನೊಂದು ಅಪಾಯವನ್ನೂ ಮರೆಯಬಾರದು. ಗದ್ದೆ ಕೆಲಸ ಮಾಡಿದವರಿಗೆ ಮಳೆಗಾಲದಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕೆಂಗಣ್ಣು ಬಂದು ಅದರ ಮೇಲೆ ಹಳದಿಯೂ ಕಂಡರೆ ಅದು ಇಲಿಜ್ವರ ಇರಬಹುದು. ಅದಕ್ಕೆ ಆಂಟಿಬಯೋಟಿಕ್ ಬೇಕು, ಅದೂ ಬೇಗ. ಬಸುರಿಗೆ ಹಳದಿ ಕಂಡರೆ ಒಂದು ದಿನವೂ ಕಾಯಬೇಡಿ, ತಿಂಗಳು ತುಂಬುತ್ತಿರುವ ಬಸುರಿಗೆ ಹೆಪಟೈಟಿಸ್ ಇ ಪ್ರಾಣಾಂತಕವಾಗಬಲ್ಲದು. ನಿಮ್ಮ ಮಗ ಹಗಲಿಡೀ ತೂಕಡಿಸಿದರೆ, ತಡವರಿಸಿ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ, ಎಲ್ಲಿಂದಾದರೂ ರಕ್ತ ಒಸರಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಇವು ಅಪರೂಪ, ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ಯಾವುದೂ ಇಲ್ಲ.

ಮೈದುನನ ವಿಷಯಕ್ಕೆ ಬರುತ್ತೇನೆ. ಹೆಪಟೈಟಿಸ್ ಬಿ ಮೇಲೆ ಹೇಳಿದ ಎ, ಇಗಳ ಗುಂಪಿನದಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹೋಗುವ ವೈರಸ್ ಅದು. ಚಿಕ್ಕಂದಿನಲ್ಲಿ ಹೊಕ್ಕರೆ ಬಹುಮಟ್ಟಿಗೆ ಅಲ್ಲೇ ಠಿಕಾಣಿ ಹೂಡುತ್ತದೆ. ಹಳದಿಯೂ ಇಲ್ಲ, ನೋವೂ ಇಲ್ಲ, ರಕ್ತದಾನಕ್ಕೆ ಹೋಗದಿದ್ದರೆ ಅವನಿಗೆ ತಿಳಿಯುತ್ತಲೂ ಇರಲಿಲ್ಲ.

ನೆಲನೆಲ್ಲಿಗೆ ಜಗತ್ತಿನ ಕಣ್ಣು ಬಿದ್ದದ್ದು ಈ ವೈರಸ್‌ನಿಂದಲೇ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ತಮ್ಮ ಸಂಗಡಿಗರೊಂದಿಗೆ 1987ರಲ್ಲಿ ಒಂದು ಲೇಖನ ಪ್ರಕಟಿಸಿದರು, ಅದರ ಶೀರ್ಷಿಕೆಯಲ್ಲಿ ಗಿಡದ ಹೆಸರು ನಿರೂರಿ. ಮರುವರ್ಷ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಹೆಸರು ಅಮಾರಸ್ ಆಗಿತ್ತು. ಮೇಲೆ ನಾನು ಹೆಸರಿನ ಬಗ್ಗೆ ಅಷ್ಟು ಗೊಣಗಿದ್ದು ವೃಥಾ ಅಲ್ಲ ನೋಡಿ. ಈ ಎರಡನೆಯ ಲೇಖನ ಸಂಚಲನ ಎಬ್ಬಿಸಿತು: ದಿನಕ್ಕೆ ಮೂರು ಬಾರಿ 200 ಮಿಲಿಗ್ರಾಂ ಪುಡಿಯನ್ನು ಒಂದು ತಿಂಗಳು ನುಂಗಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು, ಹುಸಿ ಮಾತ್ರೆ ನುಂಗಿದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಮದ್ದಿಲ್ಲದೆ ಆ ಗುರುತು ತಾನಾಗಿ ಮಾಯವಾಗುವುದು ವರ್ಷಕ್ಕೆ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ, ಹಾಗಾಗಿ 22 ಎಂಬುದು ಕಣ್ಣರಳಿಸುವ ಅಂಕಿ. ನಾನು ಆಗ ಹುಡುಗ, ಆ ಲೇಖನದ ಸುದ್ದಿ ಕೇಳಿ ಕುಣಿದಿದ್ದೆ. ಆಮೇಲೆ ಥಾಯ್ಲೆಂಡ್‌ನಲ್ಲಿ ಮಾಡಿದರು, ಮುಂಬೈಯಲ್ಲಿ ಮಾಡಿದರು, ನ್ಯೂಜಿಲೆಂಡ್‌ನಲ್ಲಿ ಮಾಡಿದರು. ಎಲ್ಲಿಯೂ ಅದು ಮರುಕಳಿಸಲಿಲ್ಲ. ಅಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗುವ ಕಾಕ್ರೇನ್ ವಿಮರ್ಶೆ 2011ರಲ್ಲಿ ಬಂತು, ದೀರ್ಘಕಾಲದ ಹೆಪಟೈಟಿಸ್ ಬಿಗೆ ಈ ಗಿಡಗಳನ್ನು ಶಿಫಾರಸು ಮಾಡುವಷ್ಟು ನಂಬಲರ್ಹ ಪುರಾವೆ ಇಲ್ಲ ಎಂದಿತು. ನನ್ನ ಕುಣಿತ ಅದಕ್ಕೂ ಮೊದಲೇ ನಿಂತಿತ್ತು.

ಆದ್ದರಿಂದ ಮೈದುನನಿಗೆ ಬಟ್ಟಲು ಕೊಡಬೇಡಿ, ಬಸ್ ಹತ್ತಿಸಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು, ಅದರಡಿ ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಉಚಿತ. ವೈರಸ್‌ನ ಪ್ರಮಾಣ, ಯಕೃತ್ತಿನ ಸ್ಥಿತಿ ನೋಡಿ ಡಾಕ್ಟರು ಟೆನೊಫೊವಿರ್‌ನಂಥ ಮಾತ್ರೆ ಬೇಕೇ, ಬರಿಯ ತಪಾಸಣೆ ಸಾಕೇ ಎಂದು ಹೇಳುತ್ತಾರೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಎಲ್ಲರಿಗೂ ತಪಾಸಣೆ ಬೇಕು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡು, ಸೋಂಕು ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಅವನ ರೇಜರ್, ಹಲ್ಲುಜ್ಜುವ ಬ್ರಷ್ ಬೇರೆಯವರು ಮುಟ್ಟದಿರಲಿ. ಅವನ ತಟ್ಟೆ, ಲೋಟ ಬೇರೆ ಇಡುವ ಅಗತ್ಯವಿಲ್ಲ, ಪಂಕ್ತಿಯಲ್ಲಿ ಜೊತೆಗೇ ಕೂರಿಸಿ.

ಮೂತ್ರಕಲ್ಲಿಗೂ ಇದನ್ನು ಕುಡಿಯುವವರಿದ್ದಾರೆ. ಬ್ರೆಜಿಲ್‌ನಲ್ಲಿ ಇದರ ಸೋದರನನ್ನು ಕಲ್ಲೊಡೆಯುವ ಗಿಡ ಎಂದೇ ಕರೆಯುತ್ತಾರೆ. ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಬೆಳೆಯುವುದನ್ನು ಅದರ ಸಾರ ತಡೆಯುತ್ತದೆ. ಆದರೆ ಕೂತ ಕಲ್ಲನ್ನು ಒಡೆಯುವುದು ಬೇರೆ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ನುಂಗುವವರು ದಿನವೂ ನೆಲನೆಲ್ಲಿ ಕುಡಿಯಬೇಕೆಂದಿದ್ದರೆ ಮೊದಲು ತಮ್ಮ ಡಾಕ್ಟರನ್ನು ಕೇಳಲಿ, ಇದು ಸಕ್ಕರೆಯನ್ನು ಇಳಿಸಬಲ್ಲದು, ಮೂತ್ರವನ್ನು ಹೆಚ್ಚಿಸಬಲ್ಲದು. ಬಸುರಿಯರಿಗೆ, ಬಸಿರು ಬಯಸುವವರಿಗೆ ಬೇಡವೇ ಬೇಡ.

ಇನ್ನು ಕುಂಡ. ನೀವು ಬೆಳೆಸಬೇಕಿಲ್ಲ, ಅದೇ ಬರುತ್ತದೆ. ನರ್ಸರಿಯಿಂದ ಗುಲಾಬಿ ತಂದರೆ ಮೊದಲ ಮಳೆಗೆ ಅದರ ಬುಡದಲ್ಲಿ ನೆಲನೆಲ್ಲಿ ಎದ್ದಿರುತ್ತದೆ. ತೋಟಕ್ಕಿಂತ ಕುಂಡವೇ ವಾಸಿ ಎನ್ನುವುದಕ್ಕೆ ನನಗೊಂದು ಕಾರಣವಿದೆ: ಈಗ ಅಡಿಕೆ ತೋಟಗಳಲ್ಲಿ ಕಳೆನಾಶಕ ಹೊಡೆಯುವುದು ಹೆಚ್ಚಾಗಿದೆ, ನೆಲನೆಲ್ಲಿ ಅವರ ಲೆಕ್ಕದಲ್ಲಿ ಕಳೆ. ಹೊಡೆದ ಮೇಲೂ ಕೆಲವು ದಿನ ಗಿಡ ಹಸಿರಾಗಿಯೇ ಇರುತ್ತದೆ. ರಸ್ತೆ ಬದಿಯದು, ಚರಂಡಿ ಅಂಚಿನದು ಬೇಡವೆಂದು ಹೇಳಬೇಕಿಲ್ಲ. ಕಾಯಿ ಕಟ್ಟಿದ ಅಮಾರಸ್ ಗಿಡ ಒಂದನ್ನು, ಈಗ ಗುರುತು ನಿಮಗೆ ಗೊತ್ತು, ಬೇರುಸಹಿತ ಕಿತ್ತು ಹಳೆಯ ಪತ್ರಿಕೆಯ ಮೇಲೆ ಹರವಿ, ಮೇಲೊಂದು ತೆಳು ಬಟ್ಟೆ ಮುಚ್ಚಿ ನೆರಳಲ್ಲಿಡಿ. ಬಟ್ಟೆ ಮರೆಯಬೇಡಿ. ಕಾಯಿ ಒಣಗಿದ ಹಾಗೆ ಮೂರು ಭಾಗವಾಗಿ ಸಿಡಿಯುತ್ತದೆ, ಒಂದೊಂದು ಕಾಯಿಯಿಂದ ಆರಾರು ಬೀಜ ದೂರಕ್ಕೆ ಚಿಮ್ಮುತ್ತವೆ. ಮನೆ ನಿಶ್ಶಬ್ದವಾಗಿದ್ದರೆ ಕಾಗದದ ಮೇಲೆ ಟಿಕ್ ಟಿಕ್ ಎಂಬ ಸದ್ದು ಕೇಳೀತು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಹೇಗೂ ಅವನಿಗೆ ಇನ್ನೂ ಒಂದಷ್ಟು ದಿನ ಶಾಲೆಯಿಲ್ಲ.